ನಡುವಿನ ಗಡಿಗೆಯ ಸಿಂಬೆ

ಇವತ್ತು ಮುಂಜಾನೆ ಬಾಜೂ ಮನೆಯ ಕಾಶವ್ವ ನಮ್ಮ ಹಿತ್ತಾಳೆ ಬಟ್ಟಲನ್ನು ತಿರುಗಿ ಕೊಡಲು ಬಂದಳು. ಹೋದ ವಾರ ನನ್ನ ಹೆಂಡತಿ ಅದರಲ್ಲಿ ಅವಳಿಗೆ ಒಂದಿಷ್ಟು ಕೆನೆಮೊಸರು ಕೊಟ್ಟಿದ್ದಳು. ಈಗ ಬಟ್ಟಲಿನ ತಳದಲ್ಲಿ ಒಂದು ಚಮಚೆಯಷ್ಟು ಸಕ್ಕರೆ ಇತ್ತು. ಯುದ್ಧ ಶುರುವಾದ ಮೇಲೆ ನಮ್ಮ ಗೋಕಾಕದಲ್ಲಿ ಸಕ್ಕರೆಯ ಮುಖ ಕಾಣಬೇಕಾದರೆ ರೇಶನ್ ಅಂಗಡಿಯ ಮುಂದೆ ಅರ್ಧ ದಿನ ನಿಲ್ಲಬೇಕು. ಹಾಗೆ ನಿಂತು ತಂದ ಸಕ್ಕರೆಯನ್ನು ಈ ಹೆಂಗಸು ಬಟ್ಟಲಿಗೆ ಹಾಕಿ ತಂದಿದ್ದಾಳೆ!

"ಇದ್ಯಾಕ ಹಾಕಿದಿ ಕಾಶವ್ವಾ?" ಅಂದಳು ನನ್ನ ಹೆಂಡತಿ.

"ಬರೇ ಬಟ್ಟಲ ಹೆಂಗ ಕೊಡ್ಲಿ ವೈನಿ? ಮನಸ ಒಪ್ಪಬೇಕಲ್ಲ."

ಕಾಶವ್ವನಿಗೆ ಇನ್ನೊಂದು ಮಾತು ಹೇಳುವುದಿತ್ತು, ಅದು ನನಗೆ. ನಾನು ಪಗಾರ ನಿಂತ ಮೇಲೂ ಬಾಯಿ ನಿಲ್ಲದ ಮಾಸ್ತರ. ಸಂಜೆಯಾದರೆ ನಮ್ಮ ಪಡಸಾಲೆಯಲ್ಲಿ ಓಣಿಯ ಎಂಟು ಮಕ್ಕಳನ್ನು ಕೂಡಿಸಿಕೊಂಡು ಲೆಕ್ಕ ಹೇಳಿಕೊಡುತ್ತೇನೆ. ಒಂಬತ್ತನೆಯವರು ಕೂತರೆ ನನ್ನ ಆರಾಮ ಕುರ್ಚಿ ಅಂಗಳಕ್ಕೆ ಬೀಳುತ್ತದೆ, ಅಷ್ಟೇ ಜಾಗ. ಆ ಎಂಟರಲ್ಲಿ ಮೂರನೆಯವಳು ಕಾಶವ್ವನ ಮಗಳು ಗಂಗಿ, ಏಳು ವರ್ಷದವಳು.

"ಮಾಸ್ತರ್ರ, ನಾಕ ತಿಂಗಳ ಗಂಗಿ ಬರೂದಿಲ್ರಿ. ಬಾಣಂತನಕ್ಕ ಮೂಡಲಗಿಗೆ ತವರಮನಿಗೆ ಹೊಂಟೇನಿ. ಹುಟ್ಟೂ ಕೂಸನ್ನ ಹಿಡ್ಯಾಕ ಆಕಿನೂ ಬೇಕಾಗತಾಳ."

ನನಗೆ ಸಿಟ್ಟು ಬಂತು. ಈಗಷ್ಟೇ ಹುಡುಗಿ ನೂರು ದಾಟಿದ್ದಾಳೆ. ಮೂಲೆ ಅಂಗಡಿಯವರ ಮಗ ಬೇರೆ ಜಾಗ ಕೇಳಿಕೊಂಡು ದಿನಾ ಬಾಗಿಲಲ್ಲಿ ನಿಲ್ಲುತ್ತಾನೆ. "ಹಂಗಾರ ಆಕಿ ಹೆಸರ ಹೊಡದ ಹಾಕತೇನಿ. ಆ ಜಾಗಾ ಬ್ಯಾರೆದವ್ರಿಗೆ ಕೊಡತೇನಿ" ಅಂದುಬಿಟ್ಟೆ. ಕಾಶವ್ವ ಬಾಗಿಲ ಕಡೆ ತಿರುಗಿದಳು. ಅವಳ ಸೆರಗಿನ ಹಿಂದೆ ಗಂಗಿ ನಿಂತಿದ್ದಳೆಂದು ನನಗೆ ತಿಳಿದದ್ದು ಇಬ್ಬರೂ ಮೆಟ್ಟಿಲಿಳಿದು ಹೋಗುವಾಗ.

ಆಮೇಲೆ ಆ ಬಟ್ಟಲನ್ನು ನೋಡುತ್ತ ಕೂತೆ. ಒಂದು ಇರುವೆ ಆಗಲೇ ಅಂಚು ಹತ್ತಿ ಸಕ್ಕರೆಯತ್ತ ಇಳಿಯುತ್ತಿತ್ತು. ನೋಡುತ್ತ ನೋಡುತ್ತ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಬರೇ ಬಟ್ಟಲು! ನಲವತ್ತು ವರ್ಷದ ಹಿಂದೆ ಇದೇ ಮಾತು ನನ್ನನ್ನು ಮಾಸ್ತರನನ್ನಾಗಿ ಮಾಡಿತ್ತಲ್ಲ, ಅದನ್ನು ನಾನು ಮರೆತದ್ದಾದರೂ ಹೇಗೆ? ಕೂತುಕೊಳ್ಳಿ, ಹೇಳುತ್ತೇನೆ. ನೀವು ಕೂಡದಿದ್ದರೂ ಹೇಳುವವನೇ.

ನಾನು ಹುಕ್ಕೇರಿಯವನು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ, ಹತ್ತೊಂಬತ್ತು ತುಂಬುವ ಮೊದಲೇ ಹಂಗಾಮಿ ಮಾಸ್ತರಿಕೆ ಹಿಡಿದೆ. ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದು, ಒಂದು ಟ್ರಂಕು, ಒಂದು ಛತ್ರಿ, ತಲೆಗೆ ಹೊಸ ರುಮಾಲು ಇಟ್ಟುಕೊಂಡು, ಕೌಜಲಗಿಯ ಆಚೆ ಒಂದು ಹರದಾರಿಯ ಹಳ್ಳಿಗೆ ಚಕ್ಕಡಿಯಲ್ಲಿ ಹೋದೆ. ಊರ ಹೆಸರು ಹೇಳುವುದಿಲ್ಲ. ಅಲ್ಲಿಯ ಮಂದಿ ನನ್ನ ರುಮಾಲಿನ ಕತೆ ನೆನಪಿಸಿ ನಕ್ಕಾರು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ನಾನು ಅರ್ಧ ಕೊಡ. ಚಕ್ಕಡಿ ಕುಲುಕಿದಾಗೊಮ್ಮೆ ತುಳುಕುತ್ತಿದ್ದೆ. ದಾರಿಯುದ್ದಕ್ಕೂ ಚಕ್ಕಡಿಯವನಿಗೆ ಭೂಮಿ ಗುಂಡಗಿದೆ ಎಂದು ವಿವರಿಸಿದೆ. ಅವನು ಹೂಂ ಹೂಂ ಅನ್ನುತ್ತ ನಿದ್ದೆ ಮಾಡಿದ.

ಸಾಲೆ ನಡೆಯುತ್ತಿದ್ದದ್ದು ಹಣಮಪ್ಪನ ಗುಡಿಯ ಪೌಳಿಯಲ್ಲಿ. ಹದಿನೇಳು ಮಕ್ಕಳು. ಮೊದಲ ದಿನ "ಲೆಕ್ಕ ಏನ ಕಲತೀರಿ?" ಅಂದೆ. ಹದಿನೇಳೂ ಕಂಠಗಳು ಒಮ್ಮೆಲೇ "ಏಕಂ, ದಹಂ, ಶತಂ" ಎಂದು ಹಾಡಿದವು. ಗುಡಿಯ ಪಾರಿವಾಳಗಳು ಹಾರಿಹೋದವು. ನನಗೆ ಭಾರೀ ಖುಷಿ. "ಹಂಗಾರ ನೂರಾ ಐದು ಬರೀರಿ" ಅಂದೆ. ಹದಿನೇಳೂ ಪಾಟಿಯ ಮೇಲೆ ೧೦೦೫! ಮೊದಲು ನೂರು ಬರೆದು, ಅದರ ಬಾಲಕ್ಕೆ ಐದು ಕಟ್ಟಿದ್ದರು.

ಅವರನ್ನು ಬಯ್ಯುವ ಮೊದಲು ನನ್ನದೊಂದು ಗುಟ್ಟು ಹೇಳಬೇಕು. ಹುಕ್ಕೇರಿಯ ಸಾಲೆಯಲ್ಲಿ ನಾನೂ ಹೀಗೇ ಹಾಡಿದವನು. ಏಕಂ, ದಹಂ, ಶತಂ ಅಂದರೆ ಯಾರೋ ಮೂವರು ಅಣ್ಣತಮ್ಮಂದಿರು, ಯಾವುದೋ ಪುರಾಣದವರು ಎಂದೇ ಬಹಳ ದಿನ ನಂಬಿದ್ದೆ. ದಹಂ ಸ್ವಲ್ಪ ಸಿಟ್ಟಿನವನು ಇರಬೇಕು ಅನಿಸುತ್ತಿತ್ತು. ಕೇಳೋಣವೆಂದರೆ ಮಾಸ್ತರರ ಕೈಯಲ್ಲಿ ಬೆತ್ತ. ಹಾಗಾಗಿ ಈ ಮಕ್ಕಳ ೧೦೦೫ ನೋಡಿದಾಗ ನನಗೆ ಬಂದದ್ದು ಸಿಟ್ಟಿಗಿಂತ ಹೆಚ್ಚಾಗಿ ಹುರುಪು. ಈ ಗಂಟನ್ನು ಬಿಚ್ಚಿಯೇ ಬಿಡುತ್ತೇನೆ ಅಂದುಕೊಂಡೆ.

ಎರಡು ದಿನ ಯೋಚಿಸಿ ಗಡಿಗೆಗಳ ಯುಕ್ತಿ ಹೂಡಿದೆ. ಶೆಟ್ಟರ ಮನೆಯಿಂದ ಒಂದು ದೊಡ್ಡ ಗಡಿಗೆ ಬೇಡಿ ತಂದೆ. ಕುರಿಗಾರ ಸಿದ್ದಪ್ಪನ ತಾಯಿ ಮಾಯವ್ವನಿಂದ ಒಂದು ಸಣ್ಣ ಹಾಲಿನ ಗಡಿಗೆ ತಂದೆ. ಕರಟ ನನ್ನದೇ, ತೆಂಗಿನಕಾಯಿ ತಿಂದು ಉಳಿಸಿದ್ದು. ಮಕ್ಕಳ ಎಡಕ್ಕೆ ದೊಡ್ಡ ಗಡಿಗೆ, ನಡುವೆ ಹಾಲಿನ ಗಡಿಗೆ, ಬಲಕ್ಕೆ ಕರಟ. ಗುಂಡು ತಳದ ಗಡಿಗೆಗಳು ಉರುಳದಂತೆ ಕೆಳಗೆ ಹುಲ್ಲು ಸುತ್ತಿ ಮಾಡಿದ ಸಿಂಬೆ ಇಟ್ಟೆ. ಆಮೇಲೆ ಒಂದು ಬುಟ್ಟಿ ಹುಣಸೆಬೀಜ.

ಆಟ ಇಷ್ಟೇ. ಕರಟಕ್ಕೆ ಒಂದೊಂದೇ ಬೀಜ ಹಾಕುತ್ತ ಹೋಗಬೇಕು. ಹತ್ತಾದ ಕೂಡಲೇ ಹತ್ತನ್ನೂ ತೆಗೆದು, ಅವುಗಳ ಬದಲು ಒಂದೇ ಒಂದು ಬೀಜವನ್ನು ನಡುವಿನ ಗಡಿಗೆಗೆ ಏರಿಸಬೇಕು. ಅಲ್ಲಿಯೂ ಹತ್ತಾದರೆ ಅವನ್ನು ತೆಗೆದು, ಒಂದನ್ನು ದೊಡ್ಡ ಗಡಿಗೆಗೆ. ಬೀಜ ಎಲ್ಲ ಒಂದೇ ಜಾತಿಯದು, ಆದರೆ ಕರಟದಲ್ಲಿ ಕೂತರೆ ಒಂದು, ನಡುವೆ ಕೂತರೆ ಹತ್ತು, ದೊಡ್ಡದರಲ್ಲಿ ಕೂತರೆ ನೂರು! "ನಮ್ಮ ಗೌಡ್ರು ಚಾವಡಿ ಕಟ್ಟಿ ಮ್ಯಾಲ ಕುಂತಾಗ ನೂರು, ಮನ್ಯಾಗ ಗೌಡ್ತಿ ಮುಂದ ಕುಂತಾಗ ಒಂದು, ಹಂಗರಿ?" ಅಂದ ಒಬ್ಬ ಹುಡುಗ. ಹಂಗೇ, ಆದರ ಹೊರಗ ಹೇಳಬ್ಯಾಡ ಅಂದೆ.

ಆ ದಿನಗಳ ಸಡಗರ ಏನು ಕೇಳುತ್ತೀರಿ! "ಹತ್ತಾತು! ಏರಸು! ಏರಸು!" ಎಂದು ಮಕ್ಕಳು ಕೂಗುತ್ತಿದ್ದರೆ ಹೊಲಕ್ಕೆ ಹೊರಟವರೂ ಪೌಳಿಯ ಮುಂದೆ ನಿಂತುಬಿಡುತ್ತಿದ್ದರು. ತೊಂಬತ್ತೊಂಬತ್ತಕ್ಕೆ ಇನ್ನೊಂದು ಬೀಜ ಬಿದ್ದು, ಕರಟ ತುಂಬಿ, ನಡುವಿನದು ತುಂಬಿ, ದೊಡ್ಡ ಗಡಿಗೆಯೊಳಗೆ ಮೊದಲನೆಯ ಬೀಜ ಟಣ್ ಎಂದು ಬಿದ್ದಾಗ ಒಬ್ಬ ಮುದುಕ ಚಪ್ಪಾಳೆ ಹೊಡೆದ. ನಾನಂತೂ ನೆಲದ ಮೇಲೆ ಇರಲಿಲ್ಲ.

ಎಲ್ಲರಿಗಿಂತ ಚುರುಕು ಬಾಳವ್ವ. ಆ ಮಾಯವ್ವನ ಮೊಮ್ಮಗಳು, ಸಿದ್ದಪ್ಪನ ಮಗಳು, ಎಂಟು ವರ್ಷದವಳು. ಸಾಲೆಯಲ್ಲಿ ಇದ್ದ ಒಬ್ಬಳೇ ಹುಡುಗಿ. ಅವಳು ಬರುತ್ತಿದ್ದದ್ದೂ ಒಂದು ಕರಾರಿನ ಮೇಲೆ. ಮಳೆಗಾಲ ಮುಗಿದು ಕುರಿಹಿಂಡು ದೂರದ ಹೊಲಗಳಿಗೆ ಹೊರಡುವ ಹೊತ್ತಿಗೆ ತಪಾಸಣೆಯ ಸಾಹೇಬರು ಬರುವವರಿದ್ದರು. ಸಿದ್ದಪ್ಪ ನನಗೆ ಮೊದಲೇ ಹೇಳಿದ್ದ: "ಸಾಹೇಬ ಪಾಸ್ ಅಂದ್ರ ಸಾಲಿ. ನಪಾಸ್ ಅಂದ್ರ ಕುರಿ. ಆಮ್ಯಾಲ ನನ್ನ ಕಡೆ ಬರಬ್ಯಾಡ್ರಿ ಮಾಸ್ತರ." ಅವನು ಕೆಟ್ಟವನಲ್ಲ. ಮಾತು ಕಡಿಮೆ, ಆಡಿದರೆ ಕಲ್ಲಿನ ಮೇಲೆ ಕೊರೆದಂತೆ.

ಅಂಥ ಬಾಳವ್ವ ಒಂದೇ ಕಡೆ ಎಡವುತ್ತಿದ್ದಳು. ಇನ್ನೂರಾ ಮೂವತ್ತಾರು ಅನ್ನಿ, ೨೩೬ ಬರೆಯುತ್ತಿದ್ದಳು. ಮುನ್ನೂರಾ ಐದು ಅಂದರೆ ೩೧೫. ಇನ್ನೂರಾ ನಾಲ್ಕು ಅಂದರೆ ೨೧೪. ಬರೇ ನೂರು ಅಂದರೆ ೧೧೦. ನಡುವೆ ಏನೂ ಇರಬಾರದ ಕಡೆ ತಪ್ಪದೆ ಒಂದು ೧! ಹೇಳಿದೆ, ರಮಿಸಿದೆ, ಗದರಿಸಿದೆ. ಕಡೆಗೆ ಒಂದು ದಿನ ಇಡೀ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಅಳಲಿಲ್ಲ ಹುಡುಗಿ, ಅಲ್ಲಿಂದಲೇ ಗಡಿಗೆಯತ್ತ ನೋಡುತ್ತ ನಿಂತಿದ್ದಳು. ಆ ನಿಲ್ಲಿಸಿದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಸಾಹೇಬರು ಬರಲು ಆರು ದಿನ ಉಳಿದಿತ್ತು. ಆ ದಿನ ಪಾಟಿ ಬಿಟ್ಟು ಅವಳ ಕೈಯನ್ನೇ ನೋಡುತ್ತ ಕೂತೆ. ಮುನ್ನೂರಾ ಐದು ಅಂದೆ. ದೊಡ್ಡದಕ್ಕೆ ಮೂರು ಹಾಕಿದಳು, ಕರಟಕ್ಕೆ ಐದು ಹಾಕಿದಳು. ಆಮೇಲೆ ಯಾರೂ ನೋಡುತ್ತಿಲ್ಲವೆಂದು ತಿಳಿದು, ನಡುವಿನ ಹಾಲಿನ ಗಡಿಗೆಗೆ ಮೆಲ್ಲಗೆ ಒಂದು ಬೀಜ ಬಿಟ್ಟಳು. ಎಣಿಸಿ ಬರೆದಳು: ೩೧೫. ಅಂದರೆ ಅವಳ ಎಣಿಕೆ ಸರಿ, ಬರವಣಿಗೆ ಸರಿ! ಬೀಜವೇ ಹೆಚ್ಚಿನದು. ಯಾಕ ಹಾಕಿದಿ ಅಂದರೆ ಪಾಟಿಯಿಂದ ಮುಖ ಮುಚ್ಚಿಕೊಂಡಳು.

ಸಂಜೆ ಅವರ ಮನೆಗೆ ಹೋದೆ. ಮಾಯವ್ವ ಹಟ್ಟಿಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದಳು. ನನಗೆ ಮಜ್ಜಿಗೆ ಕೊಡಿಸಿದಳು. ನಾನು ರುಮಾಲು ತೆಗೆದು ಪಕ್ಕಕ್ಕಿಟ್ಟು ದೂರು ಹೇಳಿದೆ.

"ನಿಮ್ಮ ಮೊಮ್ಮಗಳು ಬರೇ ಗಡಿಗ್ಯಾಗ ಬೀಜಾ ಹಾಕತಾಳ್ರಿ ಯವ್ವಾ."

"ಹಾಕಲಾರದ ಏನ ಮಾಡ್ಯಾಳು? ನಾ ಗಡಿಗಿ ಕೊಡೂವಾಗ ಒಳಗ ಒಂದ ಹಿಡಿ ಜ್ವಾಳಾ ಇತ್ತಲ್ಲ, ಅದನ್ನೇನ ಮಾಡಿದ್ರಿ?"

"ಗುಬ್ಬಿಗೋಳಿಗೆ ಚೆಲ್ಲಿದೆ" ಅಂದೆ. ದಾನ ಮಾಡಿದವನ ಗತ್ತಿನಲ್ಲೇ ಅಂದೆನೆಂದು ಕಾಣುತ್ತದೆ.

ಮಾಯವ್ವ ಕದಿರು ನಿಲ್ಲಿಸಿದಳು. "ಅದು ಹಾಲಿನ ಗಡಿಗಿರಿ ಮಾಸ್ತರ. ಹಾಲ ಇಲ್ಲದಾಗ ಒಂದ ಹಿಡಿ ಕಾಳರ ಇರಬೇಕು. ಬರಿದ ಕುಂತ್ರ ಹಟ್ಯಾಗಿನ ಕುರಿ ಹಾಲ ಬತ್ತತಾವು ಅಂತಾರ ನಮ್ಮ ಹಿರ್ಯಾರು. ಕೂಸಿಗೆ ಗೊತ್ತೈತಿ. ಮನಿ ಗಡಿಗಿ ಸಾಲ್ಯಾಗ ಬರಿದ ಕುಂತೈತಿ ಅಂತ ಅದರ ಜೀವ ತಡೀಲಿಲ್ಲ."

ಕರಟಕ್ಕೆ ಆ ಚಿಂತೆ ಇರಲಿಲ್ಲ. ಅದು ಮಾಸ್ತರನ ಕರಟ, ಬರಿದಾದರೆ ಬತ್ತುವುದು ಮಾಸ್ತರನೇ! ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಮನೆಯ ಕುರಿಗಳ ಹಾಲು ಕಾಯಲು ಹುಡುಗಿ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಆದರೆ ಮಾಸ್ತರಿಕೆ ಸುಮ್ಮನಿರಬೇಕಲ್ಲ. "ಖರೆ ಯವ್ವಾ, ಆದರ ಇಲ್ಲದ್ದನ್ನ ಇಲ್ಲ ಅಂತ ತೋರಸಬೇಕಲ್ಲ? ಲೆಕ್ಕ ಅಂದ್ರ ಅದs ಐತಿ" ಅಂದೆ.

"ತೋರಸ್ರಿ, ಯಾರ ಬ್ಯಾಡ ಅಂದ್ರು? ಗಡಿಗಿ ಬರಿದ ಯಾಕ ಕುಂಡ್ರಸತೀರಿ? ಎತ್ತಿ ಬಾಜೂಕ ಇಡ್ರಿ."

"ಎತ್ತಿದ್ರ ಅದರ ಜಾಗಾ ಯಾವದು ಅಂತ ಹೆಂಗ ತಿಳೀಬೇಕು?"

ಮುದುಕಿ ನಕ್ಕಳು. ಕದಿರಿನಿಂದ ಮನೆಯೊಳಗಿನ ಮೂಲೆ ತೋರಿಸಿದಳು. ಅಲ್ಲಿ ಗೋಡೆಗುಂಟ ಮೂರು ಸಿಂಬೆಗಳಿದ್ದವು. ಎರಡರ ಮೇಲೆ ಕೊಡ. ನಡುವಿನ ಸಿಂಬೆ ಖಾಲಿ.

"ಸೊಸಿ ನೀರಿಗೆ ಹೋಗ್ಯಾಳ. ಕೊಡಾ ಇಲ್ಲ, ಸಿಂಬಿ ಐತಿ. ಅಲ್ಲಿ ಮತ್ತೊಬ್ರು ಮತ್ತೊಂದ ಇಡತಾರೇನ್ರಿ?"

ನಾನು ಆ ಸಿಂಬೆಯನ್ನು ನೋಡಿದೆ. ದುಂಡಗೆ, ನಡುವೆ ಬಯಲು. ಸೊನ್ನೆ! ಯಾರೋ ನೆಲದ ಮೇಲೆ ಹುಲ್ಲಿನಿಂದ ಬರೆದಿಟ್ಟ ಸೊನ್ನೆ! ಸೊನ್ನೆ ಅಂದರೆ ಏನೂ ಇಲ್ಲ ಎಂದು ನಾನು ಹತ್ತು ವರ್ಷ ಕಲಿತಿದ್ದೆ. ಅದು ಇಲ್ಲದವರ ಜಾಗವನ್ನು ಕಾಯುತ್ತ ಕೂತಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮಜ್ಜಿಗೆಯನ್ನು ಅರ್ಧಕ್ಕೆ ಬಿಟ್ಟು, ಬರಿತಲೆಯಲ್ಲಿ, ಊರ ನಡುವೆ ಓಡಿದೆ. ನಾಯಿಗಳು ಬೆನ್ನು ಹತ್ತಿದವು. ಮರುದಿನ ಬಾಳವ್ವ ನನ್ನ ರುಮಾಲು ತಂದುಕೊಟ್ಟಳು. ಅದರೊಳಗೆ ಒಂದು ಹಿಡಿ ಶೇಂಗಾ ಇತ್ತು.

ಅವತ್ತಿನಿಂದ ಆಟ ಬದಲಾಯಿತು. ನಡುವೆ ಬೀಜ ಇಲ್ಲವೆಂದರೆ ಹಾಲಿನ ಗಡಿಗೆಯನ್ನು ಎತ್ತಿ, ಒಂದು ಹಿಡಿ ಜೋಳ ಹಾಕಿ, ಗುಡಿಯ ಗೂಡಿನಲ್ಲಿಡುವುದು. ಸಿಂಬೆ ಅಲ್ಲೇ ಇರಬೇಕು; ಪಾಟಿಯ ಮೇಲೆ ಅದನ್ನೇ ಬರೆಯಬೇಕು. ಕರಟಕ್ಕೂ ಒಂದು ಪುಟ್ಟ ಸಿಂಬೆ ಆಯಿತು. ಮುದುಕಿಯ ಮನೆಯ ಕತೆಯನ್ನು ಮಕ್ಕಳಿಗೆ ಹೇಳಿದೆ. "ನಡುವ ಯಾಕ ಯಾರೂ ಇಲ್ಲ?" ಎಂದು ಕೇಳಿದರೆ ಎಲ್ಲರೂ "ನೀರಿಗೆ ಹೋಗ್ಯಾರ್ರಿ!" ಎಂದು ಕೂಗುತ್ತಿದ್ದರು. ಬಾಳವ್ವನ ೩೧೫ ಒಂದೇ ದಿನದಲ್ಲಿ ೩೦೫ ಆಯಿತು.

ಸಾಹೇಬರು ಕುದುರೆಯ ಮೇಲೆ ಬಂದರು. ಕೋಟು, ಮೀಸೆ, ಹಿಂದೆ ಒಬ್ಬ ಪಟ್ಟೇವಾಲ. ಪೌಳಿಗೆ ಕಾಲಿಟ್ಟವರೇ ಗಡಿಗೆಗಳನ್ನು ನೋಡಿ ಹುಬ್ಬೇರಿಸಿದರು. "ಇದೇನ್ರಿ ಮಾಸ್ತರ, ಕುಂಬಾರ ಸಂತಿ ಹಚ್ಚೀರೇನು? ತಗಸ್ರಿ ಎಲ್ಲಾ." ಗಡಿಗೆ, ಕರಟ, ಸಿಂಬೆ ಎಲ್ಲ ಹೊರಗೆ ಹೋದವು. ಹೊರಗೆ ಕಂಬಳಿ ಹೊದ್ದು, ಕೋಲು ಊರಿ ಸಿದ್ದಪ್ಪ ನಿಂತಿದ್ದ. ಅವನ ಹಿಂಡು ಹಳ್ಳದ ದಂಡೆಯಲ್ಲಿ ಹೊರಡಲು ಸಿದ್ಧವಾಗಿತ್ತು. ನನ್ನ ಹಂಗಾಮಿ ನೌಕರಿಯ ಚಿಂತೆ ಮುಂಜಾನೆಯವರೆಗೆ ಬಹಳ ಇತ್ತು. ಸಿದ್ದಪ್ಪನ ಮುಖ ನೋಡಿದ ಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಏ ಹುಡುಗಿ, ನಾಲ್ಕುನೂರಾ ಏಳು ಬರಿ" ಅಂದರು ಸಾಹೇಬರು.

ಬಾಳವ್ವ ಪಾಟಿ ಮುಂದಿಟ್ಟುಕೊಂಡು ಕಣ್ಣು ಮುಚ್ಚಿದಳು. ಅವಳ ಕೈ ಗಾಳಿಯಲ್ಲಿ ಎಡಕ್ಕೆ ಹೋಯಿತು, ನಾಲ್ಕು ಸಲ ಬೀಜ ಬಿಟ್ಟಿತು. ನಡುವೆ ಬಂತು. ಎರಡೂ ಕೈಗಳು ಕಾಣದ ಗಡಿಗೆಯನ್ನು ಎತ್ತಿ ಪಕ್ಕಕ್ಕೆ ಇಟ್ಟವು. ಅವಳು ಕಣ್ಣು ಬಿಟ್ಟು ೪ ಬರೆದಳು, ನಿಧಾನಕ್ಕೆ ಒಂದು ದುಂಡು ಸುತ್ತಿದಳು, ೭ ಬರೆದಳು.

ಸಾಹೇಬರು ಅಷ್ಟಕ್ಕೆ ಬಿಡುವವರಲ್ಲ. ಬೆತ್ತದ ತುದಿಯಿಂದ ಸೊನ್ನೆಯನ್ನು ಮುಟ್ಟಿದರು. "ಇಲ್ಲೇನೂ ಇಲ್ಲಲ್ಲ. ಇದನ್ನ ಅಳಸಿಬಿಡು."

ಅವಳು ಅಂಗೈಯಿಂದ ಪಾಟಿಯನ್ನು ಮುಚ್ಚಿಕೊಂಡಳು. "ಬ್ಯಾಡ್ರಿ! ಅಳಿಸಿದ್ರ ನೂರಿನ ನಾಕು ಹತ್ತರ ಜಾಗಾಕ್ಕ ಬಂದ ಕುಂಡರತಾವ್ರಿ. ನಾಕನೂರಾ ಏಳ ಕುರಿ ನಲವತ್ತೇಳ ಆಕ್ಕಾವ್ರಿ!"

ಸಾಹೇಬರು ಕುರಿಯ ಮಾತೇ ಎತ್ತಿರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಸಿದ್ದಪ್ಪನ ದನಿ ಬಂತು. "ಯಪ್ಪಾ, ಮುನ್ನೂರಾ ಅರವತ್ತ ಕುರಿ ಹೋಗತಾವು! ಅಳಸಬ್ಯಾಡ್ರಿ ಸಾಹೇಬರ!"

ಸಾಹೇಬರು ಗೊಳ್ಳೆಂದು ನಕ್ಕುಬಿಟ್ಟರು. "ಶಾಬಾಸ್. ಪಾಸ್" ಅಂದು, ಪಟ್ಟೇವಾಲನ ಕಡೆ ತಿರುಗಿ, ಗಡಿಗೆಗಳನ್ನು ಒಳಗೆ ತರಿಸಿ ತಾವೇ ಕರಟಕ್ಕೆ ಒಂದು ಬೀಜ ಹಾಕಿದರು. ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ. ಎರಡನ್ನೂ ಮಾಡಿರಬೇಕು.

ಆದರೆ ಸಾಹೇಬರ ಕುದುರೆ ಮರೆಯಾದ ಮೇಲೆ ಸಿದ್ದಪ್ಪ ನನ್ನ ಹತ್ತಿರ ಬಂದ. "ಮಾತ ಅಂದ್ರ ಮಾತರಿ. ಪಾಸ್ ಆಗ್ಯಾಳ, ಸಾಲಿ ಬಿಡಸೂದಿಲ್ಲ. ಆದರ ಈ ಸಲ ಮಂದಿ ಕಡಿಮಿ ಅದಾರ. ನಾಕ ತಿಂಗಳ ಆಕಿನ್ನ ನನಗ ಕೊಡ್ರಿ, ತಂದ ಬಿಡತೇನಿ." ನನ್ನ ಹಿಗ್ಗೆಲ್ಲ ಇಳಿದುಹೋಯಿತು. ನಾಲ್ಕು ತಿಂಗಳು ಹೋದ ಮಕ್ಕಳು ಬರುವುದಿಲ್ಲ, ಹುಕ್ಕೇರಿಯಲ್ಲಿ ಎಷ್ಟು ಜನರನ್ನು ನೋಡಿರಲಿಲ್ಲ ನಾನು! ಬಾಳವ್ವ ಹಿಂಡಿನ ಹಿಂದೆ ನಡೆದುಹೋದಳು, ಕಂಕುಳಲ್ಲಿ ಪಾಟಿ ಹಿಡಿದು.

ಮರುದಿನ ಭಾರವಾದ ಮನಸ್ಸಿನಿಂದ ಪೌಳಿಗೆ ಬಂದೆ. ಅವಳ ಹೆಸರಿಗೆ ಗೀರು ಎಳೆಯಬೇಕೆಂದು ಹಾಜರಿ ಪುಸ್ತಕ ತೆಗೆದವನು ತಲೆ ಎತ್ತಿ ನೋಡಿದೆ. ಸಾಲಿನಲ್ಲಿ ಅವಳು ಕೂಡುತ್ತಿದ್ದ ಜಾಗದಲ್ಲಿ ಹುಲ್ಲಿನ ಸಿಂಬೆ ಇತ್ತು. ಆಚೆ ಈಚೆ ಮಕ್ಕಳು ಅದಕ್ಕೆ ಜಾಗ ಬಿಟ್ಟು ಕೂತಿದ್ದರು.

"ಇದನ್ನ ಯಾರ ಇಟ್ರು?" ಅಂದೆ.

ಹದಿನಾರೂ ಮಕ್ಕಳು ಒಟ್ಟಿಗೆ ಕೂಗಿದರು: "ಬಾಳವ್ವ ನೀರಿಗೆ ಹೋಗ್ಯಾಳ್ರಿ!"

ನಾನು ಹಾಜರಿ ಪುಸ್ತಕ ಮುಚ್ಚಿದೆ. ನಾಲ್ಕು ತಿಂಗಳು ಆ ಸಿಂಬೆ ಅಲ್ಲೇ ಇತ್ತು. ಕಸ ಹೊಡೆಯುವವರು ಅದನ್ನೆತ್ತಿ ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದರು. ಹೋಳಿ ಹುಣ್ಣಿಮೆಯ ಮುಂದೆ ಒಂದು ಮುಂಜಾನೆ ಬಿಸಿಲಿಗೆ ಕಪ್ಪಾದ ಬಾಳವ್ವ ಬಂದಳು. ಸಿಂಬೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಆ ಜಾಗದಲ್ಲಿ ಕೂತಳು. ಪಾಟಿ ತೋರಿಸಿದಳು: ೫೦೨. "ಮರಿ ಹಿಡದು ಇಷ್ಟ ಆಗ್ಯಾವ್ರಿ" ಅಂದಳು. ಸೊನ್ನೆ ಎಷ್ಟು ದುಂಡಗಿತ್ತೆಂದರೆ ಅದರ ಮೇಲೆ ಗಡಿಗೆ ಇಡಬಹುದಿತ್ತು. ಮುಂದೆ ಮೂರು ವರ್ಷವೂ ಹೀಗೇ, ಹೋಗುವುದು, ಬರುವುದು. ಆಮೇಲೆ ನನಗೆ ಬದಲಿ ಆಯಿತು. ಅವಳ ಮುಂದಿನ ಕತೆ ನನಗೆ ತಿಳಿಯದು.

ಈಗ ಹೇಳಿ. ಇಷ್ಟೆಲ್ಲ ಕಂಡ ನಾನು ಇವತ್ತು ಮುಂಜಾನೆ ಒಂದು ಏಳು ವರ್ಷದ ಹುಡುಗಿಯ ಎದುರಿಗೆ "ಹೆಸರ ಹೊಡದ ಹಾಕತೇನಿ" ಅಂದೆನಲ್ಲ! ಅದೂ ನಾಲ್ಕೇ ತಿಂಗಳಿಗೆ! ಮುದುಕನಾದರೆ ಬುದ್ಧಿ ಬಲಿಯುತ್ತದೆ ಅನ್ನುವವರನ್ನು ನನ್ನ ಹತ್ತಿರ ಕಳಿಸಿರಿ.

"ಏ, ಒಂದ ಸಿಂಬಿ ಕೊಡ!" ಎಂದು ಒಳಗೆ ಕೂಗಿದೆ.

"ಯಾವ ಕೊಡಕ್ಕರಿ?" ಅಂದಳು ಹೆಂಡತಿ.

"ಕೊಡಕ್ಕಲ್ಲ. ಗಂಗಿಗೆ."

ಅವಳು ನನ್ನ ಮುಖ ನೋಡಿ, ಒಳಗಿನಿಂದ ಒಂದು ತಂದುಕೊಟ್ಟಳು. ಬಟ್ಟಲಿನ ಸಕ್ಕರೆಯಿಂದ ಇರುವೆಯನ್ನು ತೆಗೆದು, ಚಹಾ ಮಾಡಲು ಹೋದಳು. ನಾನು ಕಾಶವ್ವನ ಬಾಗಿಲಿಗೆ ಹೋಗಿ ಗಂಗಿಯನ್ನು ಕೈಹಿಡಿದು ಕರೆತಂದೆ. ಪಡಸಾಲೆಯಲ್ಲಿ ಅವಳ ಜಾಗವನ್ನು ಅವಳ ಕೈಯಿಂದಲೇ ತೋರಿಸಿಕೊಂಡು, ಅಲ್ಲಿ ಸಿಂಬೆ ಇಟ್ಟೆ. ಅವಳು ಬಗ್ಗಿ ಅದನ್ನು ಒಂದಿಷ್ಟು ಸರಿಸಿ, ನೆಟ್ಟಗೆ ಮಾಡಿದಳು. ಮಧ್ಯಾಹ್ನದ ಮೋಟಾರಿಗೆ ತಾಯಿ ಮಗಳು ಮೂಡಲಗಿಗೆ ಹೋದರು.

ಸಂಜೆ ಮಕ್ಕಳು ಬಂದರು. ಸುದ್ದಿ ತಿಳಿದ ಅಂಗಡಿಯವರ ಮಗನೂ ಹೊಸ ಪಾಟಿ ಹಿಡಿದು ಬಂದ. ನಾನು ಆಗಲೇ ನನ್ನ ಆರಾಮ ಕುರ್ಚಿಯನ್ನು ಅಂಗಳಕ್ಕೆ ಇಳಿಸಿ, ಅವನಿಗೆ ಗೋಡೆಯ ಪಕ್ಕ ಜಾಗ ಮಾಡಿದ್ದೆ. ಆದರೂ ಅವನ ಕಣ್ಣು ಸಾಲಿನ ನಡುವಿನ ಬಯಲಿನ ಮೇಲೇ. ಸಿಂಬೆಯನ್ನು ಕಾಲಿನಿಂದ ಸರಿಸಲು ಹೋದ.

"ಅದನ್ನ ಮುಟ್ಟಬ್ಯಾಡಪಾ" ಅಂದೆ ಅಂಗಳದಿಂದ. "ಗಂಗಿ ನೀರಿಗೆ ಹೋಗ್ಯಾಳ."